ಸೊಂಟದ ಕೀಲು ನೋವು: ಬಣಕಲ್ ಸುತ್ತಿನ ಕಾಫಿ ಮಲೆಗಳಲ್ಲಿ

ತೊಡೆಮೂಳೆಯ ಮೇಲ್ತುದಿ ಶ್ರೋಣಿಯ ಮೂಳೆಯನ್ನು ಕೂಡುವ ಕೀಲಿನಲ್ಲಿ, ಅದರ ಸುತ್ತಲಿನ ಸ್ನಾಯು, ಸ್ನಾಯುರಜ್ಜು, ನರಗಳಲ್ಲಿ ಹುಟ್ಟುವ ನೋವಿಗೆ ಸೊಂಟದ ಕೀಲು ನೋವು ಎನ್ನುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಭಾಗದ ಕಾಫಿ ಮಲೆಗಳಲ್ಲಿ ಈ ನೋವಿಗೆ ಪ್ರತ್ಯೇಕ ಲೆಕ್ಕವಿಲ್ಲ. ದುಡಿಮೆಯ ಮೈಕೈ ನೋವಿನ ಜೊತೆಗೇ ಅದೂ ಸೇರಿಹೋಗುತ್ತದೆ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ಕಡೆ ಹೋಗುವ ಹೆದ್ದಾರಿಯ ಮೇಲಿನ ಹೋಬಳಿ ಕೇಂದ್ರ ಬಣಕಲ್. ಇಲ್ಲಿನ ಔಷಧಿ ಅಂಗಡಿಯಲ್ಲಿ ‘ಸೊಂಟ ಹಿಡ್ಕಂಡಿದೆ, ಎರಡು ಮಾತ್ರೆ ಕೊಡಿ’ ಎಂದು ಕೇಳುವವರಲ್ಲಿ ಒಬ್ಬರಿಗೆ ಬೆನ್ನುಹುರಿಯ ನರ ಒತ್ತಿರಬಹುದು, ಇನ್ನೊಬ್ಬರಿಗೆ ಪಕ್ಕೆಯ ಸ್ನಾಯುರಜ್ಜು ಸವೆದಿರಬಹುದು, ಮತ್ತೊಬ್ಬರ ಕೀಲೇ ಒಳಗೊಳಗೆ ಕುಸಿಯುತ್ತಿರಬಹುದು. ಮೂವರಿಗೂ ಸಿಗುವುದು ಅದೇ ಮಾತ್ರೆ. ನೋವು ಯಾವ ಜಾಗದಲ್ಲಿದೆ, ನಡಿಗೆ ಹೇಗೆ ಬದಲಾಗಿದೆ ಎಂಬ ಎರಡು ಸಂಗತಿಗಳನ್ನು ಗಮನವಿಟ್ಟು ನೋಡಿದರೆ ಈ ಮೂವರನ್ನು ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಆ ನೋಟ ತಡವಾದಷ್ಟೂ ಉಳಿಸಬಹುದಾಗಿದ್ದ ಕೀಲು ಕೈತಪ್ಪುತ್ತದೆ.

ಕೀಲಿನ ಕಟ್ಟು, ಕೀಲಿನ ಹೊರೆ

ಒರಳಿನಲ್ಲಿ ಗುಂಡು ಕೂರುವ ಹಾಗೆ ತೊಡೆಮೂಳೆಯ ದುಂಡು ತಲೆ ಶ್ರೋಣಿಯ ಬಟ್ಟಲಿನಲ್ಲಿ ಕೂತಿರುತ್ತದೆ. ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ ಹೊದಿಕೆ, ಬಟ್ಟಲಿನ ಅಂಚಿಗೆ ನಾರಿನ ಬಳೆ, ಸುತ್ತ ಗಟ್ಟಿ ಕವಚ. ಮೂಳೆಯ ತಲೆಗೆ ರಕ್ತ ಬಹುಪಾಲು ಬರುವುದು ಅದರ ಕತ್ತನ್ನು ಬಳಸಿ ಮೇಲೇರುವ ಸಣ್ಣ ರಕ್ತನಾಳಗಳಿಂದ. ಕತ್ತು ಮುರಿದರೆ ಅಥವಾ ಕೀಲು ತಪ್ಪಿದರೆ ಈ ನಾಳಗಳು ಹರಿದುಹೋಗಬಹುದು, ಆಗ ತಲೆಯ ಮೂಳೆ ಸಾಯುತ್ತದೆ. ಸೊಂಟದ ಕೀಲಿನ ಅರ್ಧ ರೋಗಕಥೆ ಈ ಒಂದು ದೌರ್ಬಲ್ಯದ ಸುತ್ತಲೇ ಇದೆ.

ನಡೆಯುವಾಗ ಒಂದು ಕಾಲು ಮೇಲೆದ್ದ ಕ್ಷಣದಲ್ಲಿ ಇಡೀ ಮೈಯನ್ನು ಇನ್ನೊಂದು ಕೀಲು ಹೊರಬೇಕು. ಆಗ ಮೈ ಒಳಬದಿಗೆ ಬೀಳದಂತೆ ಪಕ್ಕೆಯ ಸ್ನಾಯುಗಳು ಶ್ರೋಣಿಯನ್ನು ಹೊರಗಿನಿಂದ ಎಳೆದು ಹಿಡಿಯುತ್ತವೆ. ತೂಕ ಮತ್ತು ಈ ಎಳೆತ ಎರಡೂ ಸೇರಿ ಕೀಲಿನ ಮೇಲೆ ಬೀಳುವ ಭಾರ ದೇಹತೂಕದ ಎರಡೂವರೆಯಿಂದ ಮೂರು ಪಟ್ಟು, 60 ಕೆ.ಜಿ. ತೂಕದವರಿಗೆ ಸಮತಟ್ಟು ನೆಲದಲ್ಲೂ ಒಂದೊಂದು ಹೆಜ್ಜೆಗೆ 150ರಿಂದ 180 ಕೆ.ಜಿ. ಎಡವಿ ಸಾವರಿಸಿಕೊಳ್ಳುವಾಗ ಅದು ಇನ್ನೂ ಎಷ್ಟೋ ಹೆಚ್ಚುತ್ತದೆ. ಪಕ್ಕೆಯ ಸ್ನಾಯು ಸೋತಾಗ ಎತ್ತಿದ ಕಾಲಿನ ಕಡೆಗೆ ಶ್ರೋಣಿ ಕುಸಿಯುತ್ತದೆ, ಮನುಷ್ಯ ವಾಲಾಡಿಕೊಂಡು ನಡೆಯುತ್ತಾನೆ. ಜರ್ಮನಿಯ ಶಸ್ತ್ರವೈದ್ಯ ಫ್ರೆಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಈ ಚಿಹ್ನೆಯನ್ನು ನೋಡಲು ಯಾವ ಯಂತ್ರವೂ ಬೇಡ. ಗೋಡೆಗೆ ಕೈ ತಾಗಿಸಿ ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಲ್ಲಿಸಿ, ಹಿಂದಿನಿಂದ ಸೊಂಟದ ಎರಡು ಅಂಚುಗಳನ್ನು ನೋಡಿದರೆ ಸಾಕು.

ತೋಟದ ದುಡಿಮೆ

ಬಣಕಲ್ ಸುತ್ತಿನ ತೋಟಗಳಲ್ಲಿ ಸಮತಟ್ಟು ನೆಲ ಕಡಿಮೆ. ನವೆಂಬರಿನಿಂದ ಅರೇಬಿಕಾ, ಹೊಸ ವರ್ಷ ಕಳೆದ ಮೇಲೆ ರೋಬಸ್ಟಾ ಹಣ್ಣಿನ ಕುಯ್ಲು. ಸೊಂಟಕ್ಕೆ ಚೀಲವನ್ನೋ ಬುಟ್ಟಿಯನ್ನೋ ಕಟ್ಟಿಕೊಂಡ ಹೆಂಗಸರು ದಿನವಿಡೀ ಇಳಿಜಾರಿನಲ್ಲಿ ನಿಲ್ಲುತ್ತಾರೆ. ಹತ್ತಿರದಿಂದ ನೋಡಿದರೆ ಆ ನಿಲುವು ಹೀಗಿರುತ್ತದೆ: ಮೇಲಿನ ಕಾಲು ಮಂಡಿ ಮಡಿಸಿ ಗಿಡದ ಬುಡಕ್ಕೆ ಊರಿದೆ, ಕೆಳಗಿನ ಕಾಲು ನೆಟ್ಟಗೆ ನಿಂತು ಭಾರವನ್ನೆಲ್ಲ ಹೊತ್ತಿದೆ, ಸೊಂಟ ಕೆಳಬದಿಗೆ ವಾಲಿದೆ, ಕೈಗಳು ಕೊಂಬೆಯನ್ನು ಬಗ್ಗಿಸಿ ಹಿಡಿದಿವೆ. ಸಾಲು ಮುಗಿಯುವವರೆಗೂ ಭಾರ ಹೊರುವುದು ಅದೇ ಕಾಲು. ಚೀಲ ತುಂಬುತ್ತ ಬಂದಂತೆ ಅದರ ದಾರ ಸೊಂಟದ ಮುಂಮೂಳೆಯ ಮೇಲೆ ಒತ್ತುತ್ತದೆ. ತೊಡೆಯ ಹೊರಮೈಗೆ ಹೋಗುವ ಚರ್ಮದ ನರ ಅಲ್ಲೇ ಹಾದುಹೋಗುವುದರಿಂದ ಕೆಲವರಿಗೆ ತೊಡೆಯ ಹೊರಭಾಗ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಸೊಂಟಪಟ್ಟಿಯನ್ನು ಬಿಗಿದು ಕತ್ತಿ ಸಿಕ್ಕಿಸಿಕೊಳ್ಳುವ ಗಂಡಸರಿಗೂ ಇದು ಬರಬಹುದು. ಇದು ಕೀಲಿನ ರೋಗವಲ್ಲ. ದಾರ ಸಡಿಲಿಸಿ, ಚೀಲದ ಭಾರ ಹೆಗಲಿಗೆ ಬರುವಂತೆ ಕಟ್ಟಿದರೆ ಬಹುಪಾಲು ತಾನಾಗಿ ಇಳಿಯುತ್ತದೆ.

ಒಣಗಿದ ಕಾಫಿಯ ಮೂಟೆ 50 ಕೆ.ಜಿ. ಕಣದಿಂದ ಗೋದಾಮಿಗೆ, ಗೋದಾಮಿನಿಂದ ಪಿಕಪ್ಪಿಗೆ ಅದನ್ನು ಹೊರುವವರಲ್ಲಿ ತೊಡೆಸಂದಿನ ನೋವು ಕಂಡರೆ ಕೀಲಿಗಿಂತ ಮೊದಲು ಅಂಡವಾಯುವನ್ನು, ಅಂದರೆ ಹರ್ನಿಯಾವನ್ನು, ನೋಡಬೇಕು. ಕೆಮ್ಮಿದಾಗ ಅಲ್ಲಿ ಉಬ್ಬುತ್ತದೆ. ಮಳೆಗಾಲಕ್ಕೆ ಮೊದಲು ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸನ್ನು ಏಣಿ ಹಾಕಿ ಕುಯ್ಯುವ ಕೆಲಸ, ಇವು ಬೇರೆ ತರಹದ ಅಪಾಯ. ಎತ್ತರದಿಂದ ಬಿದ್ದ ಯುವಕನ ತೊಡೆಮೂಳೆಯ ಕತ್ತು ಮುರಿದರೆ ಅದು ತುರ್ತು ಸ್ಥಿತಿ. ಮೂಳೆ ಕೂಡಿದ ಮೇಲೂ ಒಂದೆರಡು ವರ್ಷ ಬಿಟ್ಟು ತಲೆ ಕುಸಿಯುವ ಸಾಧ್ಯತೆ ಇರುವುದರಿಂದ ‘ವಾಸಿಯಾಯಿತು’ ಎಂದು ಕಡತ ಮುಚ್ಚಬಾರದು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ತೋಟದ ಕೆಲಸಗಾರರ ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆಯಾಗಿಸಿತು. ಆದರೆ ಸಣ್ಣ ಹಿಡುವಳಿಗಳು ಅದರ ವ್ಯಾಪ್ತಿಗೆ ಬರಲಿಲ್ಲ, ದಿನಗೂಲಿಗೆ ಬಂದುಹೋಗುವ ವಲಸೆ ಕೆಲಸಗಾರರ ನೋವಂತೂ ಯಾವ ದಾಖಲೆಗೂ ಸುಲಭವಾಗಿ ಸೇರುವುದಿಲ್ಲ.

ಬೆರಳು ಎಲ್ಲಿ ತೋರಿಸುತ್ತದೆ

ಕೀಲಿನ ಒಳಗಿನ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸುತ್ತದೆ. ಕೇಳಿದರೆ ರೋಗಿ ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿ ಸೊಂಟದ ಪಕ್ಕವನ್ನು ಮುಂದಿನಿಂದ ಹಿಂದಕ್ಕೆ ಹಿಡಿದು ತೋರಿಸುತ್ತಾರೆ. ಚಕ್ಕಳಮಕ್ಕಳ ಹಾಕಲು, ಕುಕ್ಕರಗಾಲಿನಲ್ಲಿ ಕೂರಲು, ಕಾಲಿನ ಉಗುರು ತೆಗೆಯಲು ತೊಂದರೆಯಾಗುತ್ತದೆ. ಕಾಲನ್ನು ಒಳಕ್ಕೆ ತಿರುಗಿಸಿದರೆ ನೋವು ಕೆರಳುತ್ತದೆ. ಸೊಂಟದ ಕೀಲಿಗೂ ಮಂಡಿಗೂ ಅವೇ ನರಗಳು ಹೋಗುವುದರಿಂದ ಕೆಲವರಿಗೆ ನೋವು ಮಂಡಿಯಲ್ಲಿ ಮಾತ್ರ ಇರುತ್ತದೆ. ಮಂಡಿಗೆ ಎಕ್ಸ್‌-ರೇ ತೆಗೆಸಿ ‘ಏನೂ ಇಲ್ಲ’ ಎಂದು ಹಿಂತಿರುಗಿದವರ ಸೊಂಟವನ್ನು ಒಮ್ಮೆ ತಿರುಗಿಸಿ ನೋಡಬೇಕು.

ಪೃಷ್ಠದಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಮಂಡಿಯ ಕೆಳಕ್ಕೂ ಇಳಿಯುವ, ಪಾದದಲ್ಲಿ ಜೋಮು ತರುವ ನೋವು ಬೆನ್ನಿನದು. ಬೆಳಗಿನ ಹೊತ್ತು ಗಂಟೆಗಟ್ಟಲೆ ಬಿಗಿದುಕೊಂಡು, ಓಡಾಡಿದ ಮೇಲೆ ಸಡಿಲವಾಗುವ ನೋವು ಮೂವತ್ತರೊಳಗಿನವರಲ್ಲಿ ಕಂಡರೆ ಬೆನ್ನು-ಕೀಲುಗಳ ಉರಿಯೂತದ ವಾತ, ಅಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಇರಬಹುದು.

ಮಲೆನಾಡಿನ ದುಡಿಯುವ ಹೆಂಗಸರು ಹೆಚ್ಚಾಗಿ ಹೇಳುವುದು ಪಕ್ಕೆಯ ನೋವನ್ನು: ತೊಡೆಮೂಳೆಯ ಹೊರ ಉಬ್ಬಿನ ಮೇಲೆ ಒತ್ತಿದರೆ ನೋವು, ಆ ಮಗ್ಗುಲಲ್ಲಿ ಮಲಗಲು ಆಗದು, ಗುಡ್ಡ ಹತ್ತುವಾಗ ಚಳಕು. ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಲ್ಲಿ ಇದು ಸಾಮಾನ್ಯ. ಅಲ್ಲಿನ ಸ್ನಾಯುರಜ್ಜು ಸವೆದಿರುತ್ತದೆ. ಕೀಲು ಚೆನ್ನಾಗಿಯೇ ಇರುತ್ತದೆ.

ಯುರೋಪಿನಲ್ಲಿ ಸೊಂಟದ ಕೀಲು ನೋವೆಂದರೆ ಮೊದಲು ನೆನಪಾಗುವುದು ಮುಪ್ಪಿನ ಸವೆತ. ಭಾರತದಲ್ಲಿ ಸವೆತ ಮಂಡಿಯಲ್ಲಿ ಹೆಚ್ಚು, ಸೊಂಟದಲ್ಲಿ ಕಡಿಮೆ. ನಮ್ಮಲ್ಲಿ ಕೀಲು ಬದಲಾವಣೆಯವರೆಗೆ ಹೋಗುವವರಲ್ಲಿ ದೊಡ್ಡ ಪಾಲು, ರಕ್ತ ಹರಿವು ನಿಂತು ಮೂಳೆಯ ತಲೆ ಸತ್ತವರದು, ಬಹುಪಾಲು ನಡುವಯಸ್ಸಿನೊಳಗಿನವರು. ಅತಿಯಾದ ಕುಡಿತ, ಸ್ಟೀರಾಯ್ಡ್ ಔಷಧಗಳು, ಪೆಟ್ಟು, ಕುಡುಗೋಲು ಕಣದ ರಕ್ತಹೀನತೆ ಇದರ ಮುಖ್ಯ ಕಾರಣಗಳು. ಕೋವಿಡ್ ಕಾಲದಲ್ಲಿ ಸ್ಟೀರಾಯ್ಡ್ ಪಡೆದ ಕೆಲವರಲ್ಲೂ ಇದು ಕಂಡುಬಂತು. ವಾತಕ್ಕೆಂದು ಪೊಟ್ಟಣದಲ್ಲಿ ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ದೇಶದ ಹಲವೆಡೆ ಪರೀಕ್ಷೆಯಲ್ಲಿ ಸಿಕ್ಕಿದೆ. ತಿಂದ ಎರಡೇ ದಿನಕ್ಕೆ ನೋವೆಲ್ಲ ಮಾಯವಾಗುವ ಪುಡಿಯ ಬಗ್ಗೆ ಅನುಮಾನ ಇರಲೇಬೇಕು. ರೋಗದ ಆರಂಭದಲ್ಲಿ ಎಕ್ಸ್‌-ರೇ ಸರಿಯಾಗಿಯೇ ಕಾಣುತ್ತದೆ, ಎಂ.ಆರ್.ಐ. ಮಾತ್ರ ತೋರಿಸುತ್ತದೆ, ತಲೆ ಕುಸಿಯುವ ಮೊದಲು ಸಿಕ್ಕರೆ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವ ಸಣ್ಣ ಶಸ್ತ್ರಚಿಕಿತ್ಸೆಯಿಂದ ಕೆಲವರ ಕೀಲು ಉಳಿಯುತ್ತದೆ.

ಹಂದಿಗೋಡು

ಸೊಂಟದ ಕೀಲಿನ ವೈದ್ಯಸಾಹಿತ್ಯದಲ್ಲಿ ಮಲೆನಾಡಿನ ಒಂದು ಹಳ್ಳಿಯ ಹೆಸರು ಉಳಿದುಕೊಂಡಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಹಲವು ಮನೆಗಳಲ್ಲಿ ಸೊಂಟ ಮತ್ತು ಮಂಡಿ ನೋವಿನಿಂದ ನಡೆಯಲಾಗದ ಜನ ಇರುವುದು ಹೊರಜಗತ್ತಿಗೆ ತಿಳಿಯಿತು. ಬಾಧಿತರು ಹೆಚ್ಚಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕೂಲಿಕಾರರು. ಮೊದಲು ಕುಂಟು, ಆಮೇಲೆ ಕೋಲು, ಕೊನೆಗೆ ಕೈಯೂರಿ ತೆವಳುವುದು. ಕೆಲವು ಮನೆಗಳಲ್ಲಿ ಕುಳ್ಳ ಮೈಕಟ್ಟಿನವರೂ ಇದ್ದರು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥ ಕುಟುಂಬಗಳು ಪತ್ತೆಯಾದವು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳಾದ ಆರ್.ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ 1977ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂದು ಕರೆಯಿತು. ಗದ್ದೆಗೆ ಕೀಟನಾಶಕ ಬಂದ ಮೇಲೆ ಆ ಗದ್ದೆಯ ಏಡಿ ತಿಂದವರಿಗೆ ಈ ಕಾಯಿಲೆ ಬಂತು ಎಂಬ ಅನುಮಾನ ಬಹಳ ದಿನ ಚಾಲ್ತಿಯಲ್ಲಿತ್ತು. ಬಡವರ ಊಟದ ಕಡೆಗೆ ಬೊಟ್ಟು ಮಾಡುವ ಆ ವಿವರಣೆ ಎಷ್ಟು ಬೇಗ ಹಬ್ಬಿತೋ ಅಷ್ಟು ಬೇಗ ಮರೆಯಾಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೈಗೆತ್ತಿಕೊಂಡ ಅಧ್ಯಯನಗಳಿಂದ ಚಿತ್ರ ಸ್ಪಷ್ಟವಾಯಿತು. ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಎಕ್ಸ್‌-ರೇ ಅಧ್ಯಯನದ ಪ್ರಕಾರ ಇದು ಬೆನ್ನೆಲುಬು ಮತ್ತು ಉದ್ದ ಮೂಳೆಗಳ ತುದಿಗಳು ಸರಿಯಾಗಿ ಬೆಳೆಯದ ಆನುವಂಶಿಕ ಕಾಯಿಲೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವರು ಮೂರು ಬಗೆ ಗುರುತಿಸಿದರು: ಎತ್ತರ ಸಾಮಾನ್ಯವಾಗಿದ್ದು ಮುಖ್ಯವಾಗಿ ಸೊಂಟದ ಕೀಲು ಕೆಡುವುದು, ಬೆನ್ನೆಲುಬೂ ಚಪ್ಪಟೆಯಾಗಿ ಮೈ ಗಿಡ್ಡವಾಗುವುದು, ಪೂರ್ಣ ಕುಬ್ಜತೆ.

ಮಲೆನಾಡಿನ ವೈದ್ಯರು ಇಲ್ಲಿಂದ ಕಲಿಯಬೇಕಾದ ಪಾಠ ನೇರವಾದದ್ದು. ಯೌವನದಲ್ಲೇ ಎರಡೂ ಸೊಂಟ ಬಿಗಿದವರು ಬಂದರೆ ಅವರ ಅಪ್ಪ, ಅಮ್ಮ, ಅಜ್ಜ ಹೇಗೆ ನಡೆಯುತ್ತಿದ್ದರು ಎಂದು ಕೇಳಬೇಕು. ಮನೆತನದ ಕುಂಟನ್ನು ಶಾಪವೆಂದು ಬಚ್ಚಿಡುವ ಜನರಿಗೆ, ಇದು ಯಾರ ತಪ್ಪೂ ಅಲ್ಲ, ಅಂಟುವುದೂ ಇಲ್ಲ ಎಂದು ಹೇಳಬೇಕು. ಮೂಲಕ್ಕೆ ಔಷಧವಿಲ್ಲ, ನೋವಿಗೆ, ನಡಿಗೆಗೆ, ಕೆಟ್ಟ ಕೀಲಿಗೆ ಚಿಕಿತ್ಸೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಅಂಗವೈಕಲ್ಯಗಳಲ್ಲಿ ಚಲನ ವೈಕಲ್ಯವೂ ಕುಬ್ಜತೆಯೂ ಸೇರಿವೆ. ಪ್ರಮಾಣಪತ್ರ ಈ ಕುಟುಂಬಗಳ ಹಕ್ಕು, ಕೊಡುಗೆಯಲ್ಲ.

ಮಕ್ಕಳ ಕುಂಟು

ಜ್ವರ ಬಂದ ಮಗು ಕಾಲೂರಲು ಒಪ್ಪದಿದ್ದರೆ, ಡಯಪರ್ ಬದಲಿಸುವಾಗ ಅಥವಾ ಲಂಗೋಟಿ ಕಟ್ಟುವಾಗ ಚೀರಿದರೆ ಕೀಲಿನಲ್ಲಿ ಕೀವು ಇರಬಹುದು. ಅದೇ ದಿನ ಆಸ್ಪತ್ರೆ ಸೇರಬೇಕು. ರಾತ್ರಿ ನಿದ್ದೆಯಲ್ಲಿ ಸ್ನಾಯು ಸಡಿಲವಾದಾಗ ಕಿರುಚಿ ಏಳುವ, ತಿಂಗಳುಗಟ್ಟಲೆ ಕುಂಟುವ, ಸೊರಗುವ ಮಗುವಿನಲ್ಲಿ ಕ್ಷಯ ನೆನಪಾಗಬೇಕು. ಮೂಳೆ ಕ್ಷಯ ಬೆನ್ನನ್ನು ಬಿಟ್ಟರೆ ಹೆಚ್ಚಾಗಿ ಕಾಡುವುದು ಸೊಂಟವನ್ನೇ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧ ಉಚಿತ.

ಮಕ್ಕಳ ತೊಡೆಮೂಳೆಯ ತಲೆಗೆ ತಾತ್ಕಾಲಿಕವಾಗಿ ರಕ್ತ ತಪ್ಪುವ ಪರ್ತೆಸ್ ಕಾಯಿಲೆಗೂ ಕರ್ನಾಟಕಕ್ಕೂ ವಿಶೇಷ ನಂಟಿದೆ. ಘಾಟಿ ಇಳಿದರೆ ಸಿಗುವ ಕರಾವಳಿಯಲ್ಲಿ, ಅದರಲ್ಲೂ ಉಡುಪಿ ಭಾಗದ ಹಳ್ಳಿಗಳಲ್ಲಿ, ಅದು ಹೆಚ್ಚು ಕಾಣುವುದನ್ನು ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1980ರ ದಶಕದಲ್ಲಿ ದಾಖಲಿಸಿದರು. ಪಶ್ಚಿಮ ದೇಶಗಳಿಗಿಂತ ಇಲ್ಲಿ ಅದು ಸ್ವಲ್ಪ ದೊಡ್ಡ ವಯಸ್ಸಿನ ಮಕ್ಕಳಿಗೆ ಬರುತ್ತದೆ ಎಂಬುದೂ ಅವರ ಕೆಲಸದಿಂದ ತಿಳಿಯಿತು. ಇನ್ನು ಎಳೆಗೂಸಿನ ಕಾಲೆರಡನ್ನೂ ನೆಟ್ಟಗೆ ಜೋಡಿಸಿ ಬಿಗಿಯಾಗಿ ಸುತ್ತುವುದು ಕೀಲಿಗೆ ಒಳ್ಳೆಯದಲ್ಲ. ಮಗುವನ್ನು ಕಾಲಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ಅಮ್ಮಂದಿರ ರೂಢಿ ಮೂಳೆಯ ತಲೆಯನ್ನು ಬಟ್ಟಲಲ್ಲೇ ಇಡುತ್ತದೆ.

ಜಾರಿಬಿದ್ದ ಹಿರಿಯರು

ಪಾಚಿ ಕಟ್ಟಿದ ಅಂಗಳ, ರಾತ್ರಿ ಹೊರಗಿನ ಕಕ್ಕಸಿಗೆ ಹೋಗುವ ದಾರಿ, ಕರೆಂಟು ಹೋದ ಬಚ್ಚಲು: ಆಷಾಢದ ಮಳೆಯಲ್ಲಿ ಮಲೆನಾಡಿನ ಹಿರಿಯರು ಬೀಳುವುದು ಇಂಥಲ್ಲಿ. ಬಿದ್ದ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಮಲಗಿದ್ದರೆ ಮೂಳೆ ಮುರಿದಿದೆ ಎಂದೇ ತಿಳಿಯಬೇಕು. ಎಳೆಯುವುದು, ತಿಕ್ಕುವುದು, ಕಟ್ಟು ಹಾಕಿಸಿ ಮೂರು ತಿಂಗಳು ಮಲಗಿಸುವುದು ಬೇಡ. ಮಲಗಿದವರನ್ನು ಕೊಲ್ಲುವುದು ಮುರಿತಕ್ಕಿಂತ ಹೆಚ್ಚಾಗಿ ನ್ಯುಮೋನಿಯಾ, ಹಾಸಿಗೆ ಹುಣ್ಣು, ರಕ್ತ ಹೆಪ್ಪುಗಟ್ಟುವಿಕೆ. ಸಾಧ್ಯವಾದರೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಕ್ರಮ. ಅದಕ್ಕೆ ಬಣಕಲ್ಲಿನವರಿಗೆ ಒಂದು ದಾರಿ ಮೂಡಿಗೆರೆ ಮೇಲೆ ಚಿಕ್ಕಮಗಳೂರಿಗೆ, ಇನ್ನೊಂದು ಘಾಟಿ ಇಳಿದು ಮಂಗಳೂರಿಗೆ. 2019ರ ಆಗಸ್ಟ್‌ ಮಳೆಯಲ್ಲಿ ಚಾರ್ಮಾಡಿ ಕುಸಿದು ಸಂಚಾರ ನಿಂತಿತ್ತು. ಮಳೆಗಾಲದಲ್ಲಿ ಹೊರಡುವ ಮುನ್ನ ಯಾವ ದಾರಿ ತೆರೆದಿದೆ ಎಂದು ತಿಳಿಯುವುದೂ ಇಲ್ಲಿ ಚಿಕಿತ್ಸೆಯ ಭಾಗವೇ.

ಶಮನ

ಮೇಲೆ ಹೇಳಿದ ಅಪಾಯದ ಚಿಹ್ನೆಗಳಿಲ್ಲದ ನೋವಿಗೆ ಮೊದಲ ಮದ್ದು ಹೊರೆ ತಗ್ಗಿಸುವುದು, ಪೂರ್ತಿ ಮಲಗುವುದಲ್ಲ. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಬಹುತೇಕರು ನೋವಿರುವ ಕಡೆಗೇ ಹಿಡಿಯುತ್ತಾರೆ, ಅದರಿಂದ ಕೀಲಿನ ಭಾರ ಅಷ್ಟಾಗಿ ಇಳಿಯದು. ಎದುರು ಕೈಯ ಕೋಲು ಶ್ರೋಣಿಯನ್ನು ಆ ಬದಿಯಿಂದ ಎತ್ತಿಹಿಡಿಯುವುದರಿಂದ ಪಕ್ಕೆಯ ಸ್ನಾಯು ಎಳೆಯಬೇಕಾದ ಬಲ ಕಡಿಮೆಯಾಗುತ್ತದೆ. ಅಮೆರಿಕದ ಮೂಳೆವೈದ್ಯ ವಾಲ್ಟರ್ ಬ್ಲೌಂಟ್ 1956ರಲ್ಲೇ ಕೋಲನ್ನು ಎಸೆಯಬೇಡಿ ಎಂದು ಸಹೋದ್ಯೋಗಿಗಳಿಗೆ ಲೆಕ್ಕ ಸಮೇತ ವಾದಿಸಿದ್ದರು. ಕೋಲಿನ ಎತ್ತರ ಮಣಿಕಟ್ಟಿನವರೆಗೆ. ಕೊಡವನ್ನೋ ಚೀಲವನ್ನೋ ಹಿಡಿಯುವುದಾದರೆ ಮಾತ್ರ ನೋವಿರುವ ಕಡೆಯ ಕೈಯಲ್ಲಿ. ಕುಯ್ಲಿನಲ್ಲಿ ಸಾಲು ಬದಲಿಸುವಾಗ ಎದುರು ದಿಕ್ಕಿನಿಂದ ಬರುವಂತೆ ಮೇಸ್ತ್ರಿ ಏರ್ಪಾಟು ಮಾಡಿದರೆ ಒಂದೇ ಕಾಲು ದಿನವಿಡೀ ಸೋಲುವುದು ತಪ್ಪುತ್ತದೆ. ಇದಕ್ಕೆ ಖರ್ಚಿಲ್ಲ.

ಪಕ್ಕೆಯ ನೋವಿಗೆ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಆದರೆ ಬಾಳಿಕೆಯಲ್ಲಿ ವ್ಯಾಯಾಮವೇ ಮುಂದು. ಆಸ್ಟ್ರೇಲಿಯಾದಲ್ಲಿ 204 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವರ್ಷದ ಕೊನೆಗೆ, ವ್ಯಾಯಾಮ ಮತ್ತು ತಿಳಿವಳಿಕೆ ಪಡೆದವರಲ್ಲಿ ಶೇ. 79ರಷ್ಟು ಜನ ಸುಧಾರಿಸಿದ್ದರು. ಸ್ಟೀರಾಯ್ಡ್ ಚುಚ್ಚಿಸಿಕೊಂಡವರಲ್ಲಿ ಶೇ. 58, ಸುಮ್ಮನೆ ಕಾದವರಲ್ಲಿ ಶೇ. 52. ವ್ಯಾಯಾಮ ಸರಳ. ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟವನ್ನು ನಿಧಾನವಾಗಿ ಎತ್ತಿ ಐದೆಣಿಸಿ ಇಳಿಸುವುದು. ಜಗಲಿಯ ಕಂಬ ಹಿಡಿದು ಕಾಲನ್ನು ಪಕ್ಕಕ್ಕೆ ಸ್ವಲ್ಪವೇ ಸರಿಸುವುದು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಹತ್ತು ಹತ್ತು ಸಲ, ದಿನಕ್ಕೆ ಎರಡು ಹೊತ್ತು, ಎಂಟು ವಾರ. ಮಾಡುವಾಗ ಅಲ್ಪ ನೋವು ಪರವಾಗಿಲ್ಲ. ಮಾರನೆಯ ಬೆಳಿಗ್ಗೆಯೂ ಕೆರಳಿದ್ದರೆ ಕಡಿಮೆ ಮಾಡಬೇಕು. ಮಲಗುವಾಗ ಮಂಡಿಗಳ ನಡುವೆ ಮಡಿಸಿದ ಕಂಬಳಿ ಇಡುವುದು, ಕಾಲ ಮೇಲೆ ಕಾಲು ಹಾಕದಿರುವುದು, ಒಂದೇ ಸೊಂಟಕ್ಕೆ ಭಾರ ಕೊಟ್ಟು ನಿಲ್ಲದಿರುವುದು, ಇವನ್ನೆಲ್ಲ ಬಿಟ್ಟು ಬರೀ ವ್ಯಾಯಾಮ ಮಾಡಿದರೆ ಫಲ ಅರ್ಧ.

ಮಲೆನಾಡಿನ ಹಂಡೆ ನೀರಿನ ಸ್ನಾನ, ಎಣ್ಣೆ ತಿಕ್ಕುವುದು ಬಿಗಿದ ಸ್ನಾಯುವಿಗೆ ನಿಜವಾದ ಆರಾಮ. ಅವು ಕೀಲಿನ ಒಳಕ್ಕೆ ಇಳಿಯುವುದಿಲ್ಲ ಎಂಬುದು ಗೊತ್ತಿದ್ದರೆ ಸಾಕು. ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೌಮ್ಯ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್‌ನಂಥವು ಕೆಲವು ದಿನಕ್ಕೆ ಮಾತ್ರ. ಚೀಟಿಯಿಲ್ಲದೆ ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ; ರಕ್ತದೊತ್ತಡ ಇರುವವರಿಗೆ ಇನ್ನೂ ಅಪಾಯ. ಎರಡು ವಾರ ಮೀರಿದ ಕುಂಟು, ರಾತ್ರಿ ಎಬ್ಬಿಸುವ ನೋವು, ತೂಕ ಇಳಿಯುವಿಕೆ ಇವುಗಳಲ್ಲಿ ಯಾವುದಿದ್ದರೂ ಶ್ರೋಣಿಯ ಎಕ್ಸ್‌-ರೇ ಆಗಲೇಬೇಕು, ಎರಡೂ ಸೊಂಟ ಒಂದೇ ಚಿತ್ರದಲ್ಲಿ ಬರುವಂತೆ.

ಕೀಲು ಬದಲಾವಣೆ

ಇಂದಿನ ಕೃತಕ ಕೀಲಿನ ಮಾದರಿಯನ್ನು ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ನೆಲೆಗೊಳಿಸಿದರು: ಲೋಹದ ಸಣ್ಣ ತಲೆ, ಪ್ಲಾಸ್ಟಿಕ್ ಬಟ್ಟಲು. ಕೀಲು ಪೂರ್ತಿ ಕೆಟ್ಟು ನಿದ್ದೆ ಮತ್ತು ನಡಿಗೆ ಎರಡೂ ಹೋದಾಗ ಇದಕ್ಕಿಂತ ಖಚಿತವಾದ ಪರಿಹಾರ ಇನ್ನೊಂದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಪಡೆದಿದ್ದರೆ ಅಲೆದಾಟ ಕಡಿಮೆ.

ಕೀಲು ಬದಲಾದ ಮೇಲೆ, ಮುಖ್ಯವಾಗಿ ಮೊದಲ ಕೆಲವು ತಿಂಗಳು, ಕುಕ್ಕರಗಾಲು ಮತ್ತು ತಗ್ಗಿನ ಆಸನ ಬೇಡವೆನ್ನುತ್ತಾರೆ; ಸೊಂಟ ಅತಿಯಾಗಿ ಮಡಿಸಿದರೆ ಹೊಸ ತಲೆ ಬಟ್ಟಲಿನಿಂದ ಜಾರಬಹುದು. ತೋಟದ ಕೆಲಸಗಾರರ ಲೈನ್ ಮನೆಯ ಕಕ್ಕಸು ಕುಕ್ಕರಗಾಲಿನದೇ ಆಗಿದ್ದರೆ ಆಸ್ಪತ್ರೆಗೆ ಹೊರಡುವ ಮೊದಲೇ ಕಮೋಡ್ ಕುರ್ಚಿಯೊಂದನ್ನು ತಂದಿಡಬೇಕು, ಗೋಡೆಗೆ ಹಿಡಿಕೆ ಹೊಡೆಸಬೇಕು, ಮಲಗಲು ಚಾಪೆಯ ಬದಲು ಮಂಚ ಹೊಂದಿಸಬೇಕು. ಒಲೆ ನೆಲದ ಮೇಲಿದ್ದರೆ ಅದನ್ನೂ ಕಟ್ಟೆಗೆ ಏರಿಸಬೇಕು.